ಹತ್ತು ಜಿಬಿ ತಿಂದವರು ಯಾರು?

ಕಳೆದ ತಿಂಗಳು ನಮ್ಮ ಮಿಂಚಂಚೆ ಸಂಚಿಕೆಯ ಸಂಪಾದಕರು ಫೋನ್ ಮಾಡಿ, "ಲಿನಕ್ಸ್ ಬಗ್ಗೆ ಏನಾದರೂ ಬರೆದುಕೊಡಿ, ಕನ್ನಡ ತರಗತಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವವರು ನೀವೇ ಅಲ್ವಾ" ಎಂದರು. ಬರೆಯುವಷ್ಟು ನನಗೆ ಗೊತ್ತಿಲ್ಲ ಎಂದೆ. ಗೊತ್ತಿದ್ದವರು ಬರೆದರೆ ಯಾರಿಗೂ ಅರ್ಥವಾಗುವುದಿಲ್ಲ, ಹಾಗಾಗಿ ನೀವೇ ಬರೆಯಿರಿ ಎಂದರು. ಹೊಗಳಿದರೋ ತೆಗಳಿದರೋ ಇನ್ನೂ ತಿಳಿದಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ನಾನು ಕಂಪ್ಯೂಟರ್ ಇಂಜಿನಿಯರ್ ಅಲ್ಲ. ಸಲ್ಮಾಬಾದಿನ ಒಂದು ಗೋದಾಮಿನಲ್ಲಿ ಸ್ಟೋರ್‌ಕೀಪರ್. ನಟ್ಟು, ಬೋಲ್ಟು, ಗ್ಯಾಸ್ಕೆಟ್, ವಾಲ್ವು, ಇವುಗಳ ಲೆಕ್ಕ ಇಡುವುದೇ ನನ್ನ ಬಹರೈನ್ ಬದುಕು. ಲಿನಕ್ಸ್ ನನಗೆ ಅಂಟಿಕೊಂಡದ್ದು ಪುಕ್ಕಟೆ ಸಿಕ್ಕಿತು ಎಂಬ ಒಂದೇ ಕಾರಣಕ್ಕೆ. ಆಗ ಉಬುಂಟುವಿನವರು ಕೇಳಿದವರಿಗೆಲ್ಲ ಅಂಚೆಯಲ್ಲಿ ಸಿಡಿ ಕಳಿಸುತ್ತಿದ್ದರು. ಶಿಪ್‌ಇಟ್ ಎಂದು ಅದರ ಹೆಸರು, 2011ರಲ್ಲಿ ನಿಲ್ಲಿಸಿದರು. ಕಂಪನಿಯ ಪೋಸ್ಟ್ ಬಾಕ್ಸಿಗೆ ಒಂದು ದಿನ ಕಂದು ಬಣ್ಣದ ಲಕೋಟೆ ಬಂತು. ಕಾಸಿಲ್ಲದೆ ಬಂದದ್ದನ್ನು ಬಿಡುವ ಜಾಯಮಾನ ನಮ್ಮದಲ್ಲವಲ್ಲ, ಹಾಕಿ ನೋಡಿದೆ.

ಒಂದು ಸೂಚನೆ. ನಮ್ಮ ಸಂಚಿಕೆಯಲ್ಲಿ ಇಂಗ್ಲಿಷ್ ಅಕ್ಷರ ಬಳಸುವುದಿಲ್ಲ ಎಂಬ ನಿಯಮ ನಿಮಗೆ ಗೊತ್ತೇ ಇದೆ. ಹಾಗಾಗಿ ಕಂಪ್ಯೂಟರಿಗೆ ಕೊಡುವ ಆಜ್ಞೆಗಳನ್ನೂ ಕನ್ನಡದಲ್ಲೇ ಬರೆದಿದ್ದೇನೆ. ಓದಿ, ಇಂಗ್ಲಿಷಿನಲ್ಲಿ ಟೈಪ್ ಮಾಡಿಕೊಳ್ಳಿ.

ಈಗ ವಿಷಯಕ್ಕೆ ಬರೋಣ. 2017ರ ಕೊನೆಯಲ್ಲಿ ಸದಸ್ಯರೊಬ್ಬರ ಆಫೀಸಿನಿಂದ ಆರು ಹಳೇ ಕಂಪ್ಯೂಟರು ನಮ್ಮ ಶುಕ್ರವಾರದ ಕನ್ನಡ ತರಗತಿಗೆ ದಾನವಾಗಿ ಬಂದವು. ಹಾರ್ಡ್ ಡಿಸ್ಕ್ ಪೂರ್ತಿ ಅಳಿಸಿ ಕೊಟ್ಟಿದ್ದರು, ವಿಂಡೋಸ್ ಇರಲಿಲ್ಲ. ಸಮಿತಿಯಲ್ಲಿ "ಹೇಗೂ ನಿಮಗೆ ಲಿನಕ್ಸ್ ಬರುತ್ತದಲ್ಲ" ಎಂದು ನನ್ನ ತಲೆಗೆ ಕಟ್ಟಿದರು. ಆರಕ್ಕೂ ಡೆಬಿಯನ್ ಹಾಕಿದೆ. ಡೆಬಿಯನ್‌ನಲ್ಲಿ ಸ್ಟೇಬಲ್, ಟೆಸ್ಟಿಂಗ್ ಎಂದು ಬೇರೆ ಬೇರೆ ಕವಲುಗಳುಂಟು. ಸ್ಟೇಬಲ್ ಎಂದರೆ ಬೆಂದು ಆರಿದ ಅನ್ನ. ಟೆಸ್ಟಿಂಗ್ ಎಂದರೆ ಇನ್ನೂ ಒಲೆಯ ಮೇಲಿರುವುದು, ದಿನಾ ಏನಾದರೂ ಬದಲಾಗುತ್ತಲೇ ಇರುತ್ತದೆ. ಮಕ್ಕಳಿಗೆ ಹೊಸದೇ ಸಿಗಲಿ ಎಂಬ ಉಮೇದಿನಲ್ಲಿ ನಾನು ಟೆಸ್ಟಿಂಗ್ ಹಾಕಿದೆ. ಮೊದಲ ತಪ್ಪು.

ಅಕ್ಷರಶೈಲಿಗೆ ತೊಂದರೆಯಾಗಲಿಲ್ಲ. ಲೋಹಿತ್ ಕನ್ನಡ, ಗುಬ್ಬಿ, ನವಿಲು ಎಲ್ಲ ಡೆಬಿಯನ್‌ನಲ್ಲೇ ಸಿಗುತ್ತವೆ. ತೊಂದರೆ ಬಂದದ್ದು ಕೀಲಿಮಣೆಯಲ್ಲಿ. ನಮ್ಮ ಶಿಕ್ಷಕಿಗೆ ಬರುವುದು ಕೆಜಿಪಿ ವಿನ್ಯಾಸ ಮಾತ್ರ. ನಮ್ಮ ಮಂಗಳೂರಿನ ಹತ್ತಿರದ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ರೂಪಿಸಿದ್ದು, ಕನ್ನಡ ಗಣಕ ಪರಿಷತ್ತಿನ 'ನುಡಿ'ಯಲ್ಲಿ ಊರಿನ ಆಫೀಸುಗಳಿಗೆಲ್ಲ ಹಬ್ಬಿದ್ದು. ಕೆ ಒತ್ತಿದರೆ ಕ, ನಡುವೆ ಎಫ್ ಒತ್ತಿದರೆ ಒತ್ತಕ್ಷರ. ಎ, ಕೆ, ಎಫ್, ಕೆ ಎಂದರೆ 'ಅಕ್ಕ' ಬಂದುಬಿಡುತ್ತದೆ. ಮಕ್ಕಳಿಗೆ ಅದನ್ನು ನೋಡುವುದೇ ಖುಷಿ. ಆದರೆ ನಾನು ಹಾಕಿದ ಕಂಪ್ಯೂಟರುಗಳ ಪಟ್ಟಿಯಲ್ಲಿ ಕೆಜಿಪಿ ಕಾಣಿಸಲೇ ಇಲ್ಲ. ಯಾವ ಪ್ಯಾಕೇಜಿನಲ್ಲಿ ಇದೆ? 'ಕನ್ನಡ' ಎಂದು ಹುಡುಕಿದರೆ ಏನೇನೋ ಬಂತು, ಇದು ಮಾತ್ರ ಇಲ್ಲ. ಫೈಲಿನ ಹೆಸರಿನಲ್ಲಿ ಕೆಜಿಪಿ ಎಂದು ಎಲ್ಲೋ ಇರಬೇಕು ಎಂಬುದಷ್ಟೇ ನನಗೆ ಗೊತ್ತಿದ್ದದ್ದು.

ಇಲ್ಲಿ ನನ್ನ ಕಸುಬು ಕೈಹಿಡಿಯಿತು. ಸ್ಟೋರಿನಲ್ಲಿ ನಮಗೆ ಎರಡು ಬಗೆಯ ಕಾಗದ ಬೇಕು. ಒಂದು ಕೆಟಲಾಗು: ಯಾವ ಯಾವ ಪೆಟ್ಟಿಗೆ ಎಲ್ಲಿದೆ ಎಂದು. ಇನ್ನೊಂದು ಪ್ಯಾಕಿಂಗ್ ಲಿಸ್ಟ್: ಒಂದೊಂದು ಪೆಟ್ಟಿಗೆಯ ಒಳಗೆ ಏನೇನಿದೆ ಎಂದು. "ಅರ್ಧ ಇಂಚಿನ ವಾಷರ್ ಕೊಡಿ" ಎಂದು ಮೆಕ್ಯಾನಿಕ್ ಬಂದರೆ ಕೆಟಲಾಗಿನಲ್ಲಿ ವಾಷರ್ ಎಂದು ಇರುವುದೇ ಇಲ್ಲ, ಅದು 'ಪಂಪ್ ರಿಪೇರಿ ಕಿಟ್' ಎಂಬ ಪೆಟ್ಟಿಗೆಯೊಳಗೆ ಕೂತಿರುತ್ತದೆ. ಪ್ಯಾಕಿಂಗ್ ಲಿಸ್ಟ್ ನೋಡಿದವನಿಗೆ ಮಾತ್ರ ಸಿಗುತ್ತದೆ.

ಡೆಬಿಯನ್, ಉಬುಂಟುಗಳ ಉಗ್ರಾಣಿಯ ಹೆಸರು ಆಪ್ಟ್. "ಆಪ್ಟ್ ಅಪ್‌ಡೇಟ್" ಎಂದಾಗ ಅದು ಹೊಸ ತಂತ್ರಾಂಶ ಹಾಕುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಇಲ್ಲ. ಅದು ಪಟ್ಟಿಗಳನ್ನು ಮಾತ್ರ ತರುತ್ತದೆ. 'ಪ್ಯಾಕೇಜಸ್' ಎಂಬ ಪಟ್ಟಿ ಕೆಟಲಾಗು. 'ಟ್ರಾನ್ಸ್‌ಲೇಶನ್' ಎಂಬುದು ಒಂದೊಂದು ಪ್ಯಾಕೇಜಿನ ವಿವರಣೆ, ಭಾಷೆಗೊಂದರಂತೆ. 'ಕಂಟೆಂಟ್ಸ್' ಎಂಬುದೇ ಪ್ಯಾಕಿಂಗ್ ಲಿಸ್ಟ್, ಅಂದರೆ ಯಾವ ಫೈಲು ಯಾವ ಪ್ಯಾಕೇಜಿನಲ್ಲಿದೆ ಎಂಬ ಸೂಚಿ. ಈ ಮೂರನೆಯದನ್ನು ಆಪ್ಟ್ ತಾನಾಗಿ ತರುವುದಿಲ್ಲ. 'ಆಪ್ಟ್-ಫೈಲ್' ಎಂಬ ಸಣ್ಣ ಉಪಕರಣ ಹಾಕಿಕೊಂಡರೆ ಆಗ ತರುತ್ತದೆ.

ಹಾಕಿದೆ. "ಆಪ್ಟ್-ಫೈಲ್ ಸರ್ಚ್ ಕೆಜಿಪಿ" ಎಂದೆ. ಬಂದ ಕೆಲವೇ ಸಾಲುಗಳಲ್ಲಿ ಒಂದು ನಮ್ಮದು: 'ಕೆಎನ್-ಕೆಜಿಪಿ' ಎಂಬ ಫೈಲು, 'ಎಂ17ಎನ್-ಡಿಬಿ' ಎಂಬ ಪ್ಯಾಕೇಜಿನಲ್ಲಿ. ಹೆಸರು ನೋಡಿ! ಬಹುಭಾಷಾ ಎಂಬರ್ಥದ ಇಂಗ್ಲಿಷ್ ಪದ ಬಹಳ ಉದ್ದವಾಯಿತೆಂದು ಮೊದಲ ಅಕ್ಷರ ಎಂ, ಕೊನೆಯದು ಎನ್, ನಡುವಿನ ಹದಿನೇಳು ಅಕ್ಷರಕ್ಕೆ 17 ಎಂದು ಇಟ್ಟಿದ್ದಾರೆ. ಅದರೊಳಗೆ ಕೆ.ಪಿ. ರಾವ್ ಅವರ ಕೀಲಿಮಣೆ ಕೂತಿದೆ ಎಂದು ಯಾವ ಜ್ಯೋತಿಷಿ ಹೇಳಬೇಕು? ಐಬಸ್‌ಗೆ ಬೇಕಾದ ಎಂ17ಎನ್ ಜೋಡಿ ಹಾಕಿದ್ದೇ ಹಾಕಿದ್ದು, ಐದು ನಿಮಿಷದಲ್ಲಿ ಪರದೆಯ ಮೇಲೆ 'ಅಕ್ಕ' ಬಂತು. ಶಿಕ್ಷಕಿ ಎಲ್ಲರಿಗೂ ಬಾದುಷಾ ಹಂಚಿದರು.

ಆ ಬಾದುಷಾದ ಅಮಲಿನಲ್ಲಿ ಆಪ್ಟ್-ಫೈಲನ್ನು ಆರೂ ಕಂಪ್ಯೂಟರಿಗೆ ಹಾಕಿದೆ. ಬೇಕಾಗಿದ್ದದ್ದು ಒಂದಕ್ಕೆ. ಆದರೆ ರ‍್ಯಾಕಿಗೊಂದು ಬಿನ್ ಕಾರ್ಡ್ ನೇತುಹಾಕುವ ಅಭ್ಯಾಸ ಎಲ್ಲಿ ಹೋಗಬೇಕು. ಎರಡನೇ ತಪ್ಪು.

ತರಗತಿಯ ಕೋಣೆಗೆ ಅಂತರ್ಜಾಲ ಬರುತ್ತಿದ್ದುದು ಸಿಮ್ ಹಾಕುವ ಒಂದು ರೌಟರಿನಿಂದ. ತಿಂಗಳಿಗೆ 10 ಜಿಬಿ. ಅದು ಮುಗಿದರೆ ವೇಗ ಆಮೆಗಿಂತ ಕಡೆ. ಹಿಂದೆಲ್ಲ ತಿಂಗಳ ಕೊನೆಗೆ ಅರ್ಧ ಉಳಿಯುತ್ತಿತ್ತು. 2018ರ ಫೆಬ್ರವರಿಯಲ್ಲಿ 21ನೇ ತಾರೀಕಿಗೇ ಖಾಲಿ. ಮಾರ್ಚಿನಲ್ಲೂ ಹಾಗೇ. ಶುಕ್ರವಾರ ಮಕ್ಕಳಿಗೆ ಯಕ್ಷಗಾನದ ಒಂದು ವಿಡಿಯೋ ತೋರಿಸೋಣ ಎಂದು ಶಿಕ್ಷಕಿ ಕೂರಿಸಿದರೆ, ಭಾಗವತರ ಬಾಯಿ ತೆರೆದದ್ದು ತೆರೆದೇ ಇತ್ತು, ಪದ್ಯ ಬರಲೇ ಇಲ್ಲ.

ಸಮಿತಿ ಸಭೆಯಲ್ಲಿ ಖಜಾಂಚಿಯವರು ಬಿಲ್ಲು ಮೇಜಿನ ಮೇಲಿಟ್ಟು, "ಎಂತ ಮಾರಾಯ್ರೆ ಇದು, ಯಾರು ಸಿನಿಮಾ ಇಳಿಸಿಕೊಳ್ತಾ ಇದ್ದಾರೆ?" ಎಂದರು. ರೌಟರಿಗೆ ಸೇರಿಕೊಂಡವರ ಪಟ್ಟಿಯ ಪ್ರಿಂಟನ್ನೂ ತಂದಿದ್ದರು. ಅದರಲ್ಲಿ ಒಂದು ಲ್ಯಾಪ್‌ಟಾಪಿನ ಹೆಸರು ಎದ್ದು ಕಾಣುತ್ತಿತ್ತು. ನಮ್ಮ ಸದಸ್ಯರೊಬ್ಬರ ಮಗನದು. ಹದಿನಾರು ವರ್ಷದ ಹುಡುಗ, ಶುಕ್ರವಾರ ಬೆಳಿಗ್ಗೆ ನಿದ್ದೆ ಬಿಟ್ಟು ಬಂದು ಸಣ್ಣ ಮಕ್ಕಳಿಗೆ ಟೈಪಿಂಗ್ ಕಲಿಸುತ್ತಿದ್ದ. ಆ ವಯಸ್ಸಿನ ಎಷ್ಟು ಜನ ಬರುತ್ತಾರೆ ಹೇಳಿ.

"ಈಗಿನ ಹುಡುಗರಲ್ವಾ, ಆಟ, ಸಿನಿಮಾ ಅಂತ ಏನಾದರೂ ಇಳಿಸಿರಬಹುದು" ಎಂದು ಒಬ್ಬರು ಹೇಳಿದರು. ಹೇಳಿದವರು ಯಾರು ಎಂದು ಮುಚ್ಚಿಟ್ಟು ಪ್ರಯೋಜನವಿಲ್ಲ. ನಾನೇ.

ಹುಡುಗನನ್ನು ಕರೆದು ಕೇಳುವುದು ಚೆನ್ನಾಗಿರದು ಎಂದು, ಸುಮ್ಮನೆ ವೈಫೈ ಪಾಸ್‌ವರ್ಡ್ ಬದಲಾಯಿಸುವುದೆಂದು ತೀರ್ಮಾನವಾಯಿತು. ಮುಂದಿನ ಶುಕ್ರವಾರ ಅವನು ಬಂದ. ಲ್ಯಾಪ್‌ಟಾಪ್ ತೆಗೆದ. ಪಾಸ್‌ವರ್ಡ್ ಹಾಕಿದ, ಆಗಲಿಲ್ಲ. ಇನ್ನೊಮ್ಮೆ ಹಾಕಿದ. ತಲೆಯೆತ್ತಿ ನನ್ನನ್ನು ನೋಡಿದ. ನಾನು ಹಾಜರಿ ಪುಸ್ತಕ ನೋಡುತ್ತಿದ್ದೆ. ಹುಡುಗರು ದಡ್ಡರಲ್ಲ. ಅವನು ಲ್ಯಾಪ್‌ಟಾಪ್ ಮುಚ್ಚಿ ಚೀಲಕ್ಕೆ ಹಾಕಿದ, ಆ ದಿನದ ಪಾಠ ಮುಗಿಯುವವರೆಗೆ ಮಕ್ಕಳ ಜೊತೆ ಕೂತ, ಹೋದ. ಮತ್ತೆ ಬರಲಿಲ್ಲ. ಎರಡು ವಾರ ಬಿಟ್ಟು ಗುದೈಬಿಯಾದ ತರಕಾರಿ ಅಂಗಡಿಯಲ್ಲಿ ಅವನ ತಾಯಿ ಸಿಕ್ಕರು. ಯಾವಾಗಲೂ "ಅಣ್ಣಾ, ಹೇಗಿದ್ದೀರಿ" ಎನ್ನುವವರು ಬಸಳೆ ಕಟ್ಟು ಆರಿಸುವುದರಲ್ಲೇ ಮುಳುಗಿದ್ದರು.

ಏಪ್ರಿಲ್ 20. ಮತ್ತೆ ಹತ್ತು ಜಿಬಿ ಖಾಲಿ.

ಪಾಸ್‌ವರ್ಡ್ ಬದಲಾಯಿಸಿ ತಿಂಗಳಾಗಿತ್ತು. ಹುಡುಗ ಕಾಲಿಟ್ಟಿರಲಿಲ್ಲ. ಖಜಾಂಚಿಯವರು "ಈಗ ಯಾರನ್ನು ಹಿಡಿಯುವುದು?" ಎಂದು ನನ್ನ ಮುಖ ನೋಡಿದರು. ಆ ಮಂಗಳವಾರ ರಾತ್ರಿ ಕಾರ್ಯಕ್ರಮಕ್ಕೆ ಬೇಕಾದ ಮೈಕಿನ ವಯರ್ ತರಲು ಕೋಣೆಗೆ ಹೋದೆ. ಬಾಗಿಲು ತೆಗೆದರೆ ಕತ್ತಲು. ಆ ಕತ್ತಲಲ್ಲಿ ರೌಟರಿನ ದೀಪ ಮಿಣಿಮಿಣಿ ಎನ್ನುತ್ತಿದೆ! ಕಿವಿಗೊಟ್ಟೆ. ಗುಂಯ್ ಎಂದು ಫ್ಯಾನುಗಳ ಸದ್ದು. ಆರೂ ಕಂಪ್ಯೂಟರುಗಳು ಎಚ್ಚರವಾಗಿದ್ದವು. ತರಗತಿ ಮುಗಿದ ಮೇಲೆ ನಾವು ಆರಿಸುತ್ತಿದ್ದುದು ಮಾನಿಟರನ್ನು ಮಾತ್ರ. ಪೆಟ್ಟಿಗೆಗಳು ಮೇಜಿನ ಕೆಳಗೆ, ಅವುಗಳ ಗುಂಡಿ ಕಪಾಟಿನ ಹಿಂದೆ. ಮೂರು ತಿಂಗಳಿನಿಂದ ಅವು ಮಲಗಿರಲೇ ಇಲ್ಲ. ಅವುಗಳಿಗೆ ವೈಫೈಯ ಹಂಗೂ ಇಲ್ಲ, ನೇರ ವಯರಿನಲ್ಲಿ ರೌಟರಿಗೆ ಸಿಕ್ಕಿಸಿದ್ದೆ. ಪಾಸ್‌ವರ್ಡ್ ಬದಲಾದದ್ದು ಅವಕ್ಕೆ ಗೊತ್ತೇ ಇಲ್ಲ.

ಕುರ್ಚಿ ಎಳೆದು ಕೂತೆ. ಆಪ್ಟ್ ತಂದ ಪಟ್ಟಿಗಳು ಇರುವುದು 'ವಾರ್, ಲಿಬ್, ಆಪ್ಟ್, ಲಿಸ್ಟ್ಸ್' ಎಂಬ ಜಾಗದಲ್ಲಿ. ಮಾಲು ಬಂದ ರಿಜಿಸ್ಟರ್ ನೋಡಿದ ಹಾಗೆ ನೋಡಿದೆ. ಕಂಟೆಂಟ್ಸ್ ಎಂಬ ಹೆಸರಿನ ದೊಡ್ಡ ಫೈಲು, ತಾರೀಕು ಅದೇ ದಿನದ್ದು. ಪಕ್ಕದ ಕಂಪ್ಯೂಟರಿನಲ್ಲೂ ಅದೇ. ಅದರ ಪಕ್ಕದಲ್ಲೂ ಅದೇ. ಕಳ್ಳನ ಬೆರಳಚ್ಚು ಸಿಕ್ಕಿತು. ಬೆರಳು ನನ್ನದೇ.

ಆದದ್ದಿಷ್ಟು. ಡೆಬಿಯನ್ ಹಾಕಿದಾಗ ದಿನಕ್ಕೊಮ್ಮೆ ಪಟ್ಟಿಗಳನ್ನು ತಾನಾಗಿ ತಂದಿಡುವ ಏರ್ಪಾಡು ಜೊತೆಗೇ ಬರುತ್ತದೆ. ಒಳ್ಳೆಯದಕ್ಕೇ, ಭದ್ರತೆಯ ತಿದ್ದುಪಡಿಗಳು ತಪ್ಪಬಾರದಲ್ಲ. ಹಳೆಯ ಆಪ್ಟ್-ಫೈಲ್ ತನ್ನ ಸೂಚಿಯನ್ನು ಕೇಳಿದಾಗ ಮಾತ್ರ ಪ್ರತ್ಯೇಕವಾಗಿ ತರುತ್ತಿತ್ತು. 2016ರಲ್ಲಿ ಬಂದ ಮೂರನೇ ಆವೃತ್ತಿಯಿಂದ ಆ ಕೆಲಸವನ್ನು ಆಪ್ಟ್‌ಗೇ ಒಪ್ಪಿಸಿದರು. ಅಂದರೆ ಆಪ್ಟ್-ಫೈಲ್ ಹಾಕಿದ ಮೇಲೆ ದಿನದ ಪಟ್ಟಿಯ ಜೊತೆ ಕಂಟೆಂಟ್ಸ್ ಕೂಡ ತಾನಾಗಿ ಇಳಿಯುತ್ತದೆ. ಐವತ್ತು ಸಾವಿರಕ್ಕೂ ಹೆಚ್ಚು ಪ್ಯಾಕೇಜುಗಳ ಒಂದೊಂದು ಫೈಲಿನ ಹೆಸರೂ ಅದರಲ್ಲಿರುತ್ತದೆ, ಕುಗ್ಗಿಸಿದರೂ ಭಾರ.

ಹಾಗಾದರೆ ಡೆಬಿಯನ್ ಬಳಸುವವರೆಲ್ಲ ದಿವಾಳಿಯಾಗಬೇಕಿತ್ತಲ್ಲ ಎಂದು ನೀವು ಕೇಳಬಹುದು. ಇಲ್ಲ, ಅವರು ಜಾಣರು. ಆಪ್ಟ್ ಮೊದಲು ತರುವುದು 'ಇನ್‌ರಿಲೀಸ್' ಎಂಬ ಸಣ್ಣ ಚೀಟಿಯನ್ನು. ಅದರಲ್ಲಿ ಎಲ್ಲ ಪಟ್ಟಿಗಳ ಗುರುತು ಸಂಖ್ಯೆ ಇರುತ್ತದೆ, ಮೇಲೆ ಡೆಬಿಯನ್‌ನವರ ಸಹಿ. ನಮ್ಮಲ್ಲಿರುವುದೂ ಅದೂ ಒಂದೇ ಆದರೆ ಪರದೆಯ ಮೇಲೆ 'ಹಿಟ್' ಎಂದು ಬರೆದು ಸುಮ್ಮನಾಗುತ್ತದೆ. ಬದಲಾಗಿದ್ದರೆ ಮಾತ್ರ 'ಗೆಟ್' ಎಂದು ತರಲು ಹೋಗುತ್ತದೆ. ಸ್ಟೇಬಲ್‌ನ ಮುಖ್ಯ ಪಟ್ಟಿ ಬದಲಾಗುವುದು ಕೆಲವು ತಿಂಗಳಿಗೊಮ್ಮೆ. ಟೆಸ್ಟಿಂಗ್‌ನದು ದಿನಾ. ದಿನಾ ಬದಲಾದರೂ ಪೂರ್ತಿ ತರಬೇಕಾಗಿಲ್ಲ, 'ಪಿಡಿಫ್' ಎಂಬ ಉಪಾಯ ಉಂಟು. ನಿನ್ನೆಯ ಪಟ್ಟಿಗೂ ಇವತ್ತಿನದಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಚೂರಾಗಿ ತಂದು ಹಳೆಯದಕ್ಕೆ ತೇಪೆ ಹಚ್ಚುತ್ತದೆ.

ಆ ಪಿಡಿಫನ್ನು ನಾನು ನಿಲ್ಲಿಸಿದ್ದೆ! ಹಳೇ ಕಂಪ್ಯೂಟರಿನಲ್ಲಿ ತೇಪೆ ಹಚ್ಚುವುದಕ್ಕೆ ಹೊತ್ತು ಹಿಡಿಯುತ್ತದೆ, ನಿಲ್ಲಿಸಿದರೆ ಬೇಗ ಆಗುತ್ತದೆ ಎಂದು ಎಲ್ಲೋ ಓದಿ, ಜಾಣನ ಹಾಗೆ ಆರಕ್ಕೂ ಒಂದು ಸಾಲು ಬರೆದಿದ್ದೆ. ವೇಗದ ಅಂತರ್ಜಾಲ ಇದ್ದವರಿಗೆ ಸರಿಯಾದ ಮಾತು. ಅಳೆದು ಕೊಡುವವರ ಊರಿನಲ್ಲಿ ಅಲ್ಲ. ಮೂರನೇ ತಪ್ಪು, ಮೂರರಲ್ಲೂ ದೊಡ್ಡದು.

ಕಾಗದ ತೆಗೆದು ಲೆಕ್ಕ ಹಾಕಿದೆ. ಒಂದೊಂದಕ್ಕೂ ದಿನಕ್ಕೆ ಸುಮಾರು 55 ಎಂಬಿ. ಆರಕ್ಕೆ 330. ಇಪ್ಪತ್ತೊಂದು ದಿನಕ್ಕೆ 7 ಜಿಬಿ ಹತ್ತಿರ. ಮಿಕ್ಕ ಮೂರು ನಮ್ಮ ತರಗತಿ, ಮಿಂಚಂಚೆ, ಯಕ್ಷಗಾನದ ಪಾಲು. ಸ್ಟೋರಿನ ಲೆಕ್ಕ ಕೂಡ ಇಷ್ಟು ಚೆನ್ನಾಗಿ ಹೊಂದುವುದಿಲ್ಲ.

ನಗಬೇಡಿ, ಈ ಪಾಠ ನನಗೆ ಹತ್ತು ವರ್ಷ ಮೊದಲೇ ಆಗಬೇಕಿತ್ತು. 2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಬಳಿ ಸಮುದ್ರದಡಿಯ ಎರಡು ಕೇಬಲ್ಲು ತುಂಡಾದವು. ಎರಡು ದಿನ ಬಿಟ್ಟು ದುಬೈ ಹತ್ತಿರ ಫಾಲ್ಕನ್ ಕೇಬಲ್ಲೂ ಹೋಯಿತು. ಕೊಲ್ಲಿಯಿಂದ ಭಾರತದವರೆಗೆ ಅಂತರ್ಜಾಲ ಏದುಸಿರು ಬಿಟ್ಟದ್ದು ಹಳಬರಿಗೆ ನೆನಪಿರಬಹುದು. ಆ ವಾರ ನಾನು "ಆಪ್ಟ್-ಗೆಟ್ ಅಪ್‌ಡೇಟ್" ಒತ್ತಿ, ಸ್ನಾನ ಮಾಡಿ, ಗಂಜಿ ಉಂಡು ಬಂದರೂ ಮುಗಿದಿರಲಿಲ್ಲ. ಸಾಲು ಸಾಲಾಗಿ 'ಇಗ್ನ್, ಇಗ್ನ್' ಎಂದು ಬರುತ್ತಿತ್ತು. ನನ್ನ ಭಾಷೆ ಭಾರತದ ಇಂಗ್ಲಿಷ್ ಎಂದು ಹಾಕಿಕೊಂಡಿದ್ದೆನಲ್ಲ, ಭಾರತದ ಇಂಗ್ಲಿಷಿಗೆ ಬೇರೆ ವಿವರಣೆ ಪಟ್ಟಿ ಇದೆಯೋ ಎಂದು ಪ್ರತಿ ಸಲ ಹೋಗಿ ಕೇಳಿ, ಇಲ್ಲ ಎನಿಸಿಕೊಂಡು ವಾಪಸ್ ಬರುತ್ತಿತ್ತು. ಆಗಲೇ ನನಗೆ ಹೊಳೆಯಬೇಕಿತ್ತು, ಏನು ತರಬೇಕು ಏನು ಬೇಡ ಎಂದು ಹೇಳುವ ಹಕ್ಕು ನಮ್ಮ ಕೈಯಲ್ಲೂ ಉಂಟು ಎಂದು.

ಇರಲಿ. ಮುಂದಿನ ಸಭೆಯಲ್ಲಿ ಎದ್ದು ನಿಂತು ಹೇಳಿದೆ. ಯಾರೂ ಬೈಯಲಿಲ್ಲ. ಖಜಾಂಚಿಯವರು ಮಾತ್ರ ಕನ್ನಡಕ ಒರೆಸುತ್ತಾ, "ಹಾಗಾದರೆ ಆ ಹುಡುಗ?" ಎಂದರು. ಬೈದಿದ್ದರೆ ಒಳ್ಳೆಯದಿತ್ತು.

ಆ ಸಂಜೆಯೇ ಅವರ ಮನೆಗೆ ಹೋದೆ. ನನ್ನಾಕೆ ಕೊಟ್ಟ ಹಲಸಿನ ಹಪ್ಪಳದ ಪೊಟ್ಟಣ ಕೈಯಲ್ಲಿ. ತಾಯಿ ಬಾಗಿಲು ತೆಗೆದು, "ಬನ್ನಿ" ಎಂದರು, 'ಅಣ್ಣ' ಬಿಟ್ಟು. ಹುಡುಗನನ್ನು ಕರೆಸಿದೆ. ಅಪ್ಪ, ಅಮ್ಮನ ಎದುರೇ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನಿನ್ನ ಹೆಸರು ಮೊದಲು ತೆಗೆದವನು ನಾನೇ ಎಂದೂ ಹೇಳಿದೆ. ನಡುವೆ ಅವನ ಅಪ್ಪ "ಹೋಗಲಿ ಬಿಡಿ" ಎಂದರು. ಹುಡುಗ "ಹೋಗಲಿ" ಎನ್ನಲಿಲ್ಲ. ಸ್ವಲ್ಪ ಹೊತ್ತು ನೆಲ ನೋಡಿ, "ನನ್ನನ್ನು ಕೇಳಬಹುದಿತ್ತಲ್ಲ ಅಂಕಲ್" ಎಂದ.

ಉತ್ತರ ಇರಲಿಲ್ಲ. ತಾಯಿ ಚಹಾ ತಂದಿಟ್ಟರು.

ಕುಡಿದು ಹೊರಡುವಾಗ ಅವನೇ ಕೇಳಿದ: "ಆರೂ ಕಂಪ್ಯೂಟರಿಗೆ ಆಪ್ಟ್-ಫೈಲ್ ಯಾಕೆ ಹಾಕಿದ್ರಿ?" ಸುಮ್ಮನೆ ಹಾಕಿದೆ ಎಂದೆ. "ಒಂದೇ ಪೇಪರ್ ತರಲಿಕ್ಕೆ ಆರು ಜನ ಅಂಗಡಿಗೆ ಹೋಗುವುದಾ? ಒಬ್ಬ ತಂದರೆ ಎಲ್ಲರೂ ಓದಬಹುದಲ್ಲ." ಮರು ಶುಕ್ರವಾರ ಬಂದ. ಮಕ್ಕಳ ಮಧ್ಯೆ ಹೋಗಿ ಕೂರಲಿಲ್ಲ, ಮೊದಲು ಕಂಪ್ಯೂಟರುಗಳ ಹತ್ತಿರ ಬಂದ. ಅಂದು ಅವನು ಮಾಡಿದ್ದನ್ನು ನಿಮ್ಮ ಮನೆಯಲ್ಲೂ ಉಪಯೋಗವಾದೀತೆಂದು ಬರೆಯುತ್ತೇನೆ.

ಐದರಿಂದ ಆಪ್ಟ್-ಫೈಲ್ ತೆಗೆದು ಒಂದರಲ್ಲಿ ಮಾತ್ರ ಇಟ್ಟ. ಏನಾದರೂ ಹುಡುಕಬೇಕಾದರೆ ಅಲ್ಲಿಗೆ ಎದ್ದು ಹೋಗುವುದು. ನಾನು ಬರೆದಿದ್ದ ಪಿಡಿಫಿನ ಸಾಲನ್ನು ಅಳಿಸಿದ, ಆಪ್ಟ್‌ನ ಸಹಜ ಸ್ವಭಾವವೇ ಪಿಡಿಫ್ ತರುವುದು, ಹೇಳಬೇಕಾಗಿಯೇ ಇಲ್ಲ. ಆಮೇಲೆ 'ಇಟಿಸಿ, ಆಪ್ಟ್, ಆಪ್ಟ್-ಕಾನ್ಫ್-ಡಿ' ಎಂಬ ಜಾಗದಲ್ಲಿರುವ '20ಆಟೋ-ಅಪ್‌ಗ್ರೇಡ್ಸ್' ಎಂಬ ಫೈಲು ತೆರೆದ. ಅದರಲ್ಲಿ 'ಅಪ್‌ಡೇಟ್ ಪ್ಯಾಕೇಜ್ ಲಿಸ್ಟ್ಸ್' ಎಂಬುದರ ಮುಂದೆ 1 ಎಂದಿತ್ತು. ಅದು ಎಷ್ಟು ದಿನಕ್ಕೊಮ್ಮೆ ಎಂಬ ಲೆಕ್ಕ. 7 ಮಾಡಿದ. ನಾನು ಸೊನ್ನೆ ಹಾಕಿಬಿಡು, ಕಾಟವೇ ಬೇಡ ಎಂದೆ. ಒಪ್ಪಲಿಲ್ಲ. ಸೊನ್ನೆ ಹಾಕಿದರೆ ಭದ್ರತೆಯ ತಿದ್ದುಪಡಿ ಯಾವತ್ತೂ ಬರುವುದಿಲ್ಲ, ನೀವು ಮರೆಯುತ್ತೀರಿ ಎಂದ. ನಿಜವೇ. ವಾರಕ್ಕೊಮ್ಮೆ ಎಂಬುದೂ ಪೂರ್ತಿ ಸರಿಯಲ್ಲ, ಸ್ಟೇಬಲ್ ಇದ್ದಿದ್ದರೆ ದಿನಾ ನೋಡಿದರೂ ಖರ್ಚಾಗುತ್ತಿರಲಿಲ್ಲ, ಅದರ ಭದ್ರತೆಯ ಪಟ್ಟಿಯೇ ಬೇರೆ, ಸಣ್ಣದು ಎಂದೂ ಹೇಳಿದ. ಅದಕ್ಕೂ ಒಂದು ದಾರಿ ಮಾಡಿದ. ಆಪ್ಟ್‌ನ ಮೂಲಗಳ ಫೈಲಿನಲ್ಲಿ ನಾನು 'ಟೆಸ್ಟಿಂಗ್' ಎಂದು ಬರೆದ ಕಡೆಯೆಲ್ಲ 'ಬಸ್ಟರ್' ಎಂದು ತಿದ್ದಿದ. ಆ ಸಲದ ಟೆಸ್ಟಿಂಗಿನ ಹೆಸರು ಅದು. ಟೆಸ್ಟಿಂಗ್ ಎಂದರೆ ಯಾವತ್ತೂ ಒಲೆಯ ಮೇಲಿರುವ ಪಾತ್ರೆ, ಬಸ್ಟರ್ ಎಂದರೆ ಈ ಪಾತ್ರೆ. ಅದು ಬೆಂದು ಇಳಿದ ದಿನ ನಾವೂ ಅದರ ಜೊತೆ ಇಳಿಯುತ್ತೇವೆ.

ವಿವರಣೆ ಪಟ್ಟಿಯ ಭಾಷೆ ಏನು ಮಾಡಲಿ ಎಂದು ಕೇಳಿದ. 'ಆಕ್ವೈರ್ ಲ್ಯಾಂಗ್ವೇಜಸ್' ಎಂಬ ಸಾಲಿನಲ್ಲಿ 'ನನ್' ಎಂದು ಬರೆದರೆ ಯಾವ ಭಾಷೆಯದೂ ಬರುವುದಿಲ್ಲ, ಇನ್ನೂ ಆರೇಳು ಎಂಬಿ ಉಳಿಯುತ್ತದೆ. ಮೊದಲು ಕನ್ನಡ, ಆಮೇಲೆ ಇಂಗ್ಲಿಷ್ ಎಂದು ಹಾಕು ಎಂದೆ. ಈಗಿನ ಆಪ್ಟ್ ಇನ್‌ರಿಲೀಸ್ ಚೀಟಿ ನೋಡಿ, ಕನ್ನಡದ ಪಟ್ಟಿ ಅಲ್ಲಿದ್ದರೆ ತರುತ್ತದೆ, ಇಲ್ಲವಾದರೆ ಹಿಂದಿನ ಹಾಗೆ ಹೋಗಿ ಕೇಳಿ ಬರುವುದಿಲ್ಲ. ಖರ್ಚಿಲ್ಲದ ಆಸೆ, ಇರಲಿ.

ಕೊನೆಗೆ 'ಆಪ್ಟ್-ಕ್ಯಾಷರ್-ಎನ್‌ಜಿ' ಎಂಬುದನ್ನು ಒಂದನೇ ಕಂಪ್ಯೂಟರಿನಲ್ಲಿ ಹಾಕಿದ. ಇದು ಪೇಪರ್ ತರುವ ಹುಡುಗ. ಮಿಕ್ಕ ಐದಕ್ಕೆ ಒಂದೊಂದು ಸಾಲು ಬರೆದ: ಹೊರಗೆ ಹೋಗಬೇಡಿ, ಒಂದನೆಯವನ 3142ನೇ ಬಾಗಿಲು ತಟ್ಟಿ ಎಂದು. ಪಟ್ಟಿಯಾಗಲಿ ಪ್ಯಾಕೇಜಾಗಲಿ ಒಬ್ಬರು ಕೇಳಿದ್ದನ್ನು ಅದು ತಂದು ಇಟ್ಟುಕೊಳ್ಳುತ್ತದೆ, ಎರಡನೆಯವರು ಕೇಳಿದರೆ ಇದ್ದದ್ದನ್ನೇ ಕೊಡುತ್ತದೆ. ಮೂಲದ ವಿಳಾಸ ಎಚ್‌ಟಿಟಿಪಿಎಸ್ ಎಂದಿದ್ದರೆ ಮಾತ್ರ ಹಾಗೆ ಕೂಡಿಡಲು ಅದಕ್ಕಾಗದು, ನೆನಪಿರಲಿ. ಮನೆಯಲ್ಲಿ ಎರಡು ಮೂರು ಲಿನಕ್ಸ್ ಇದ್ದವರು ಇದೊಂದನ್ನು ಮಾಡಿಕೊಂಡರೂ ಸಾಕು.

ಫೆಡೋರಾ ಬಳಸುವವರು ನಮ್ಮಲ್ಲಿ ಇಬ್ಬರಿದ್ದಾರೆ, ಅವರು ನಗುತ್ತಿರಬಹುದು. ನಗಬೇಡಿ, ನಿಮ್ಮ ಉಗ್ರಾಣಿ ಡಿಎನ್‌ಎಫ್ ಕೂಡ ಫೈಲುಗಳ ಪಟ್ಟಿಯನ್ನು ಕೇಳದೆಯೇ ಹೊತ್ತು ತರುತ್ತಿತ್ತು. 2024ರಲ್ಲಿ ಬಂದ ಫೆಡೋರಾ 40ರಿಂದ ಅದು ತಾನಾಗಿ ಇಳಿಯುವುದು ನಿಂತಿದೆ. ಆರ್ಚ್‌ನಲ್ಲಿ ಪ್ಯಾಕ್‌ಮ್ಯಾನ್‌ಗೆ ಅದು ಮೊದಲಿನಿಂದ ಬೇರೆಯೇ ಕೆಲಸ, ದೊಡ್ಡ ಎಫ್ ಹಾಕಿ ಕೇಳಿದರೆ ಮಾತ್ರ. ಮೊಬೈಲಿನ ಹಾಟ್‌ಸ್ಪಾಟಿನಲ್ಲಿ ಊರಿನಲ್ಲಿ ಲ್ಯಾಪ್‌ಟಾಪ್ ತೆರೆಯುವವರು ಇದನ್ನೆಲ್ಲ ಒಮ್ಮೆ ನೋಡಿಕೊಂಡರೆ ಒಳ್ಳೆಯದು.

ಆ ಮೇ ತಿಂಗಳ ಕೊನೆಗೆ ಆರು ಜಿಬಿ ಚಿಲ್ಲರೆ ಉಳಿಯಿತು. ಖಜಾಂಚಿಯವರು ಹೊಸ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಹುಡುಗನ ಕೈಗೆ ತಾವೇ ಕೊಟ್ಟರು. ಅವನು ಚೀಟಿ ಜೇಬಿಗೆ ಹಾಕಿದ, ಆ ದಿನ ಬಳಸಲಿಲ್ಲ. ಮಾತು ಮೊದಲಿನಷ್ಟು ಸಲೀಸಾಗಲು ಎರಡು ಮೂರು ತಿಂಗಳು ಹಿಡಿಯಿತು. ನವೆಂಬರಿನ ರಾಜ್ಯೋತ್ಸವದ ಹೊತ್ತಿಗೆ ತರಗತಿಯ ಗೋಡೆಗೆ ಅವನೇ ಒಂದು ಕಾಗದ ಅಂಟಿಸಿದ್ದ, ಕೆಜಿಪಿಯಲ್ಲಿ ಟೈಪ್ ಮಾಡಿ, ನವಿಲು ಅಕ್ಷರದಲ್ಲಿ ಪ್ರಿಂಟ್ ತೆಗೆದದ್ದು: 'ಮಾನಿಟರ್ ಅಲ್ಲ, ಕಂಪ್ಯೂಟರ್ ಆಫ್ ಮಾಡಿ ಅಂಕಲ್'. ಯಾವ ಅಂಕಲ್ ಎಂದು ಎಲ್ಲರಿಗೂ ಗೊತ್ತಿತ್ತು.

2019ರಲ್ಲಿ ಅವನು ಓದಲು ಬೆಂಗಳೂರಿಗೆ ಹೋದ. ಜುಲೈ 6ರಂದು ಬಸ್ಟರ್ ಸ್ಟೇಬಲ್ ಆಯಿತು, ಡೆಬಿಯನ್ 10. ಮುಂದಿನ ಶುಕ್ರವಾರ ಬೆಳಿಗ್ಗೆ ಒಂದನೇ ಕಂಪ್ಯೂಟರಿನಲ್ಲಿ ಕೂತು "ಆಪ್ಟ್ ಅಪ್‌ಡೇಟ್" ಎಂದೆ. ಪಟ್ಟಿ ತರುವ ಬದಲು ಅದು ನನ್ನನ್ನೇ ಪ್ರಶ್ನೆ ಕೇಳಿತು. ಈ ಉಗ್ರಾಣದ ದರ್ಜೆ ಟೆಸ್ಟಿಂಗಿನಿಂದ ಸ್ಟೇಬಲ್‌ಗೆ ಬದಲಾಗಿದೆ, ನೀವು ಒಪ್ಪಬೇಕು, ವೈ ಅಥವಾ ಎನ್ ಎಂದು. ಯಾರೂ ಒಪ್ಪದೆ ತಾನಾಗಿ ಮುಂದುವರಿಯುವುದಿಲ್ಲವಂತೆ. ಹಿಂದಿನ ಅನುಭವ ನೆನಪಾಗಿ ಕೈ ಹಿಂದೆ ತೆಗೆದೆ. ಬೆಂಗಳೂರಿಗೆ ಫೋನ್ ಮಾಡಿದೆ. ಆ ಕಡೆ ಹಾಸ್ಟೆಲಿನ ಗದ್ದಲ, ತಟ್ಟೆ ಲೋಟದ ಸದ್ದು.

"ಒತ್ತಲಾ ಮಾರಾಯ?" ಎಂದೆ.

"ವೈ ಒತ್ತಿ ಅಂಕಲ್," ಎಂದ. "ಆರಕ್ಕೂ ಒತ್ತಬೇಕು. ನಾನು ಲೈನಲ್ಲೇ ಇರ್ತೇನೆ."